ಓದಲಾಗದ ಊರಿಗೆ ನಾವಿಟ್ಟ ಹೆಸರುಗಳು

"ಸಿಂಧೂ ನಾಗರಿಕತೆಯ ಪ್ರಮುಖ ಲಕ್ಷಣಗಳನ್ನು ವಿವರಿಸಿ." ಹೈಸ್ಕೂಲಿನಿಂದ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳವರೆಗೆ ನಮ್ಮ ಬೆನ್ನು ಬಿಡದ ಪ್ರಶ್ನೆ ಇದು. ಉತ್ತರವೂ ನಮಗೆಲ್ಲ ಬಾಯಿಪಾಠ. ಯೋಜಿತ ನಗರಗಳು, ನೇರವಾದ ಬೀದಿಗಳು, ಸುಟ್ಟ ಇಟ್ಟಿಗೆಯ ಮನೆಗಳು, ಮುಚ್ಚಿದ ಚರಂಡಿಗಳು, ಕೋಟೆ, ಬೃಹತ್ ಸ್ನಾನದ ಕೊಳ, ಧಾನ್ಯದ ಕಣಜ, ಪುರೋಹಿತ ರಾಜನ ವಿಗ್ರಹ, ಕಂಚಿನ ನರ್ತಕಿ, ಪಶುಪತಿ ಮುದ್ರೆ, ಈವರೆಗೆ ಓದಲಾಗದ ಲಿಪಿ, ಕೊನೆಗೆ ಅವನತಿ. ಪಾಯಿಂಟುಗಳ ಕೆಳಗೆ ಗೆರೆ ಎಳೆದರೆ ಅಂಕ ಖಾತ್ರಿ.

ಈ ಉತ್ತರವನ್ನು ನಾನೂ ಬರೆದಿದ್ದೇನೆ. ಈಗ ಅದನ್ನೇ ಒಂದು ಪಠ್ಯವೆಂದು ಇಟ್ಟುಕೊಂಡು ಓದಿ ನೋಡಬೇಕು ಅನ್ನಿಸುತ್ತಿದೆ. ಸಾಹಿತ್ಯದ ವಿದ್ಯಾರ್ಥಿಗಳು ಪದ್ಯವೊಂದನ್ನು ಎದುರಿಗಿಟ್ಟುಕೊಂಡಾಗ ಈ ಪದ ಯಾರದು, ಎಲ್ಲಿಂದ ಬಂತು, ಹೇಳದೆಯೇ ಏನನ್ನು ಹೇಳಿಬಿಡುತ್ತಿದೆ ಎಂದು ಕೇಳುತ್ತಾರಲ್ಲ, ಅದೇ ಪ್ರಶ್ನೆಗಳನ್ನು ಈ ಉತ್ತರಕ್ಕೂ ಕೇಳಬಹುದು. ಕೇಳಿದ ಕೂಡಲೇ ಒಂದು ಸಂಗತಿ ಎದ್ದು ಕಾಣುತ್ತದೆ. ಪಟ್ಟಿಯಲ್ಲಿ ಎರಡು ಜಾತಿಯ ಪದಗಳು ಬೆರೆತುಹೋಗಿವೆ. ಇಟ್ಟಿಗೆ, ಚರಂಡಿ, ಬಾವಿ, ಮಣಿ ಇವು ಮಣ್ಣಿನಿಂದ ಎದ್ದು ಬಂದ ವಸ್ತುಗಳು. ಕೋಟೆ, ಕಣಜ, ಪುರೋಹಿತ ರಾಜ, ನರ್ತಕಿ, ಪಶುಪತಿ ಇವು ಆ ವಸ್ತುಗಳಿಗೆ ಅಗೆದವರು ಇಟ್ಟ ಹೆಸರುಗಳು. ಉತ್ತರಪತ್ರಿಕೆಯಲ್ಲಿ ಇವೆರಡೂ ಒಂದೇ ಸಾಲಿನಲ್ಲಿ, ಒಂದೇ ಧೈರ್ಯದಲ್ಲಿ ನಿಂತಿವೆ. ನನ್ನ ತಕರಾರು ಇರುವುದು ಇಲ್ಲಿ.

ಹೆಸರಿಡುವ ಈ ಚಾಳಿ ಶುರುವಿನಿಂದಲೂ ಇತ್ತು. ಚಾರ್ಲ್ಸ್ ಮ್ಯಾಸನ್ 1842ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಹರಪ್ಪದ ದಿಬ್ಬಗಳನ್ನು ಅಲೆಕ್ಸಾಂಡರನ ಚರಿತ್ರೆಕಾರರು ಹೇಳುವ ಸಂಗಲ ಎಂಬ ಊರೆಂದು ಗುರುತಿಸಿದ. ಅವನ ತಲೆಯಲ್ಲಿದ್ದದ್ದು ಗ್ರೀಕ್ ಪುಸ್ತಕಗಳು. 1850ರ ದಶಕದಲ್ಲಿ ಅಲ್ಲಿಗೆ ಹೋದ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಅದನ್ನು ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗ್ ಕಂಡ ಬೌದ್ಧ ನೆಲೆಗಳಲ್ಲೊಂದು ಎಂದುಕೊಂಡ. 1875ರಲ್ಲಿ ಆತ ಅಚ್ಚು ಹಾಕಿಸಿದ ಹರಪ್ಪದ ಮುದ್ರೆಯಲ್ಲಿ ಒಂದು ಪ್ರಾಣಿ ಇತ್ತು, ತಲೆಯ ಮೇಲೆ ಒಂದಿಷ್ಟು ಚಿಹ್ನೆಗಳಿದ್ದವು. ಪ್ರಾಣಿಗೆ ಇಣಿ ಇಲ್ಲ, ಆದ್ದರಿಂದ ಇದು ಈ ದೇಶದ್ದಲ್ಲ ಎಂದು ತೀರ್ಮಾನಿಸಿದ. ಅಷ್ಟರಲ್ಲಿ ಲಾಹೋರ್–ಮುಲ್ತಾನ್ ರೈಲು ಮಾರ್ಗದ ಗುತ್ತಿಗೆದಾರರು ಹರಪ್ಪದ ಇಟ್ಟಿಗೆಗಳನ್ನು ಗಾಡಿಗಟ್ಟಲೆ ಹೊತ್ತು ಹಳಿಯ ಕೆಳಗೆ ಹಾಸಿಬಿಟ್ಟಿದ್ದರು. ಸುಮಾರು 100 ಮೈಲಿ ಹಳಿಗೆ ಆ ಊರಿನ ಇಟ್ಟಿಗೆ ಸಾಕಾಯಿತು. ಹೆಸರು ಹುಡುಕುತ್ತಿದ್ದವರಿಗೂ ಇಟ್ಟಿಗೆ ಹುಡುಕುತ್ತಿದ್ದವರಿಗೂ ಬೇಕಾದದ್ದು ಅಲ್ಲಿ ಸಿಕ್ಕಿತು. ಊರು ಮಾತ್ರ ಯಾರಿಗೂ ಕಾಣಲಿಲ್ಲ.

1921ರಲ್ಲಿ ದಯಾರಾಮ್ ಸಾಹ್ನಿ ಹರಪ್ಪದಲ್ಲಿ, 1922ರಲ್ಲಿ ರಾಖಾಲ್‌ದಾಸ್ ಬ್ಯಾನರ್ಜಿ ಮೊಹೆಂಜೊದಾರೊದಲ್ಲಿ ಅಗೆತ ಶುರು ಮಾಡಿದರು. ನೂರಾರು ಮೈಲಿ ದೂರದ ಎರಡು ದಿಬ್ಬಗಳಲ್ಲಿ ಒಂದೇ ಬಗೆಯ ಮುದ್ರೆಗಳು ಸಿಕ್ಕಾಗ ಪುರಾತತ್ವ ಇಲಾಖೆಯ ಮುಖ್ಯಸ್ಥ ಜಾನ್ ಮಾರ್ಷಲ್ 1924ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಚಿತ್ರಪತ್ರಿಕೆಯೊಂದರಲ್ಲಿ ಸುದ್ದಿಯನ್ನು ಜಗತ್ತಿಗೆ ತಿಳಿಸಿದರು. ಭಾರತದ ನಗರಗಳ ಚರಿತ್ರೆ ಒಂದೇ ಏಟಿಗೆ ಎರಡು ಸಾವಿರ ವರ್ಷ ಹಿಂದಕ್ಕೆ ಹೋಯಿತು.

ಹೆಸರುಗಳನ್ನು ಅನುಮಾನಿಸುವ ಮೊದಲು ಅನುಮಾನಕ್ಕೆ ಎಡೆಯಿಲ್ಲದ ಸಂಗತಿಗಳನ್ನು ಎಣಿಸಿಕೊಳ್ಳುವುದು ಒಳ್ಳೆಯದು. ಅವೇನು ಕಡಿಮೆಯಿಲ್ಲ. ಕ್ರಿ.ಪೂ. 2600ರಿಂದ 1900ರವರೆಗೆ ಈ ನಗರಗಳು ಏಳಿಗೆಯಲ್ಲಿದ್ದವು. ಅಫ್ಘಾನಿಸ್ತಾನದ ಶೋರ್ತುಗೈಯಿಂದ ಗುಜರಾತಿನವರೆಗೆ, ಮಕ್ರಾನ್ ಕಡಲತೀರದಿಂದ ಉತ್ತರ ಪ್ರದೇಶದ ಆಲಂಗೀರ್‌ಪುರದವರೆಗೆ ಸಾವಿರಕ್ಕೂ ಹೆಚ್ಚು ನೆಲೆಗಳು ಸಿಕ್ಕಿವೆ. ಇಷ್ಟು ಅಗಲದ ನೆಲದಲ್ಲಿ ಇಟ್ಟಿಗೆಯ ದಪ್ಪ, ಅಗಲ, ಉದ್ದಗಳು 1:2:4ರ ಅಳತೆಯಲ್ಲೇ ಇವೆ. ಇಟ್ಟಿಗೆಯ ಗಾತ್ರ ಬದಲಾಗಬಹುದು, ಅನುಪಾತ ಬದಲಾಗುವುದಿಲ್ಲ. ಮೊಹೆಂಜೊದಾರೊ ಒಂದರಲ್ಲೇ 700ರಷ್ಟು ಬಾವಿಗಳಿದ್ದಿರಬೇಕೆಂಬ ಅಂದಾಜಿದೆ. ಕಾಲಿಬಂಗನ್‌ನಲ್ಲಿ ನೇಗಿಲು ಹಾಯ್ದ ಹೊಲದ ಸಾಲುಗಳು ಹಾಗೇ ಉಳಿದಿದ್ದವು. ಕೆಂಪು ಕಾರ್ನೀಲಿಯನ್ ಕಲ್ಲಿನ ಉದ್ದುದ್ದ ಮಣಿಗಳಿಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ತೂತು ಕೊರೆಯುವ ಕಸುಬು ಇಲ್ಲಿಯವರಿಗೆ ಗೊತ್ತಿತ್ತು. ಆ ಮಣಿಗಳು ಮೆಸೊಪೊಟೇಮಿಯಾದ ಉರ್ ನಗರದ ರಾಜಸಮಾಧಿಗಳವರೆಗೂ ಹೋಗಿವೆ.

ತೂಕದ ಕಲ್ಲುಗಳ ಮಾತು ಸ್ವಲ್ಪ ಬೇರೆ, ಅದರಲ್ಲಿ ವಿಮರ್ಶಕರಿಗೊಂದು ಪಾಠವಿದೆ. ನುಣುಪಾಗಿ ತೇದ ಘನಾಕಾರದ ಕಲ್ಲುಗಳವು. ತೂಕ 1, 2, 4, 8, 16, 32, 64 ಎಂದು ದುಪ್ಪಟ್ಟಾಗುತ್ತಾ ಹೋಗುತ್ತದೆ. ಹದಿನಾರರ ಕಲ್ಲು ಸುಮಾರು 13.7 ಗ್ರಾಂ. ಇದನ್ನು ಓದಿದ ಕನ್ನಡಿಗರಿಗೆ ವೀಸ ನೆನಪಾಗದೆ ಇರದು. ವೀಸವೆಂದರೆ ಹದಿನಾರನೆಯ ಒಂದು ಪಾಲು. ರೂಪಾಯಿಗೆ ಹದಿನಾರು ಆಣೆಯೂ ನೆನಪಾಗುತ್ತದೆ. ನಮ್ಮ ಅಜ್ಜಿಯ ಲೆಕ್ಕ ಹರಪ್ಪದಿಂದ ಬಂದದ್ದು ಎಂದು ಬರೆದುಬಿಡಲು ಕೈ ತುರಿಸುತ್ತದೆ. ಆದರೆ ಯಾವ ಊರಿನ ಯಾವ ಕಾಲದ ಮನುಷ್ಯನಾದರೂ ಒಂದು ವಸ್ತುವನ್ನು ಅರ್ಧ, ಅರ್ಧದ ಅರ್ಧ, ಅದರರ್ಧ ಎಂದು ಪಾಲು ಮಾಡುತ್ತಾ ಹೋದರೆ ನಾಲ್ಕನೆಯ ಹೆಜ್ಜೆಗೆ ಹದಿನಾರಕ್ಕೆ ಬಂದೇ ಬರುತ್ತಾನೆ. ಹೋಲಿಕೆ ಕಂಡಿತು ಎಂಬುದಕ್ಕೂ ಸಂಬಂಧ ಸಿಕ್ಕಿತು ಎಂಬುದಕ್ಕೂ ನಡುವೆ ದೊಡ್ಡ ಹಳ್ಳವಿದೆ. ಸಿಂಧೂ ನಾಗರಿಕತೆಯ ಬಗ್ಗೆ ಬರೆದವರಲ್ಲಿ ಬಹುತೇಕರು ಜಾರಿ ಬಿದ್ದಿರುವುದು ಅದೇ ಹಳ್ಳಕ್ಕೆ.

ಈಗ ಕಟ್ಟಡಗಳ ಹೆಸರುಗಳಿಗೆ ಬರೋಣ. ಮೊಹೆಂಜೊದಾರೊದ ಕೊಳ ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳ. ಎರಡು ಕಡೆ ಮೆಟ್ಟಿಲು. ನೀರು ಇಂಗದಂತೆ ಜಿಪ್ಸಮ್ ಗಾರೆಯಲ್ಲಿ ಕೂರಿಸಿದ ಇಟ್ಟಿಗೆಗಳು, ಅದರ ಹಿಂದೆ ಡಾಂಬರಿನಂಥ ನೈಸರ್ಗಿಕ ಅಂಟಿನ ಲೇಪ. ಇಷ್ಟು ಖಚಿತ. ಇಲ್ಲಿ ಜನ ಮೀಯುತ್ತಿದ್ದರು ಎಂಬ ಊಹೆಯೂ ಸಮಂಜಸವೇ. ನಮ್ಮ ಕಲ್ಯಾಣಿ, ಪುಷ್ಕರಣಿಗಳನ್ನು ನೋಡಿ ಬೆಳೆದವರಿಗೆ ಮುಂದಿನ ಹೆಜ್ಜೆ ಸಲೀಸು. ಇದು ಮಡಿಯ ಸ್ನಾನ, ಪಕ್ಕದಲ್ಲಿ ಅರ್ಚಕರ ಮನೆ, ಇಡೀ ಊರು ಅರ್ಚಕರ ಕೈಯಲ್ಲಿ. ಪುಸ್ತಕಗಳಲ್ಲಿ ಈ ಮೂರು ಹೆಜ್ಜೆಗಳೂ ಒಂದೇ ವಾಕ್ಯದಲ್ಲಿ ಮುಗಿಯುತ್ತವೆ. ಕೊಳದ ಪಕ್ಕದ ದೊಡ್ಡ ಕಟ್ಟಡಕ್ಕೆ ಕಣಜ ಎಂದು ಹೆಸರಿಟ್ಟವರು ಮಾರ್ಟಿಮರ್ ವೀಲರ್. ಕಣಜವೆಂದ ಮೇಲೆ ತೆರಿಗೆ ಬಂತು, ತೆರಿಗೆ ಎಂದ ಮೇಲೆ ಸರ್ಕಾರ ಬಂತು. ಆದರೆ ಅಲ್ಲಿ ಧಾನ್ಯ ತುಂಬಿಟ್ಟಿದ್ದರು ಎನ್ನಲು ಬೇಕಾದ ಪುರಾವೆ ದೊರಕಲಿಲ್ಲ. ಅದು ಸಾರ್ವಜನಿಕ ಸಭಾಂಗಣವೋ ಮತ್ತೇನೋ ಆಗಿರಬಹುದೆಂದು ಆಮೇಲಿನ ವಿದ್ವಾಂಸರು ವಾದಿಸಿದ್ದಾರೆ. ನಮ್ಮ ಪಠ್ಯಪುಸ್ತಕಗಳಲ್ಲಿ ಕಣಜ ಇನ್ನೂ ಕಣಜವಾಗಿಯೇ ಉಳಿದಿದೆ.

ವೀಲರ್ ಇಟ್ಟ ಇನ್ನೊಂದು ಹೆಸರಿನ ಕಥೆ ಇದಕ್ಕಿಂತ ಗಂಭೀರ. ಅವರು ಎರಡು ಮಹಾಯುದ್ಧಗಳನ್ನು ಕಂಡ ಸೈನಿಕರು, ಬ್ರಿಗೇಡಿಯರ್ ದರ್ಜೆಗೆ ಏರಿದವರು. 1944ರಲ್ಲಿ ಯುದ್ಧಭೂಮಿಯಿಂದಲೇ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಬಂದರು. 1946ರಲ್ಲಿ ಹರಪ್ಪದ ಪಶ್ಚಿಮ ದಿಬ್ಬದ ಸುತ್ತ ದಪ್ಪ ಗೋಡೆ ಕಂಡಾಗ ಅವರಿಗೆ ಅದು ಕೋಟೆಯಾಗಿ ಕಂಡಿತು. ಕೋಟೆ ಇದ್ದ ಮೇಲೆ ಮುತ್ತಿಗೆ ಬೇಕು. ಋಗ್ವೇದದಲ್ಲಿ ಇಂದ್ರನಿಗೆ ಪುರಂದರ, ಊರು ಒಡೆಯುವವನು ಎಂಬ ಬಿರುದಿದೆ. ಮೊಹೆಂಜೊದಾರೊದ ಮೇಲ್ಪದರಗಳಲ್ಲಿ ಅಡ್ಡಾದಿಡ್ಡಿ ಬಿದ್ದ ಅಸ್ಥಿಪಂಜರಗಳು ಸಿಕ್ಕಿದ್ದವು. ಗೋಡೆ, ಬಿರುದು, ಅಸ್ಥಿಪಂಜರ ಮೂರನ್ನೂ ಜೋಡಿಸಿ ಆರ್ಯರ ದಾಳಿಯಿಂದ ನಗರ ನಾಶವಾಯಿತು ಎಂಬ ಕಥೆಯನ್ನು ವೀಲರ್ ಕಟ್ಟಿದರು. ಕಥೆಗೆ ಬೇಕಾದದ್ದೆಲ್ಲ ಅದರಲ್ಲಿತ್ತು, ಆದ್ದರಿಂದಲೇ ಅದು ಅಷ್ಟು ಬೇಗ ಹರಡಿತು. 1964ರಲ್ಲಿ ಜಾರ್ಜ್ ಡೇಲ್ಸ್ ಅದೇ ಪುರಾವೆಗಳನ್ನು ಮತ್ತೆ ಒಂದೊಂದಾಗಿ ನೋಡಿದರು. ಅಸ್ಥಿಪಂಜರಗಳು ಒಂದೇ ದಿನದವಲ್ಲ, ಒಂದೇ ಪದರದವೂ ಅಲ್ಲ. ಕೋಟೆಯೆನ್ನುವ ದಿಬ್ಬದ ಮೇಲೆ ಒಂದೂ ಸಿಕ್ಕಿಲ್ಲ. ಸುಟ್ಟ ನಗರವಿಲ್ಲ, ಬಿದ್ದ ಆಯುಧಗಳಿಲ್ಲ. ಹತ್ಯಾಕಾಂಡವೇ ಒಂದು ಕಟ್ಟುಕಥೆ ಎಂದರು ಡೇಲ್ಸ್. ಅಷ್ಟರಲ್ಲಿ ಒಂದು ತಲೆಮಾರು ಆ ಕಥೆಯನ್ನು ಓದಿ ಬೆಳೆದಿತ್ತು. ಯಾರು ಬಂದವರು, ಯಾರು ಮೊದಲಿಗರು ಎಂಬ ನಮ್ಮ ಜಗಳಗಳಲ್ಲಿ ಅದರ ಕಾವು ಇನ್ನೂ ಆರಿಲ್ಲ.

ಎರಡು ವಿಗ್ರಹಗಳನ್ನು ಪಠ್ಯಪುಸ್ತಕದಲ್ಲಿ ನೋಡಿದವರಿಗೆ ಅವುಗಳ ನಿಜವಾದ ಅಳತೆ ಕೇಳಿದರೆ ಆಶ್ಚರ್ಯವಾಗುತ್ತದೆ. ಪುರೋಹಿತ ರಾಜ 17.5 ಸೆಂಟಿಮೀಟರ್, ಅಂದರೆ ಒಂದು ಗೇಣೂ ಇಲ್ಲ. ನರ್ತಕಿ 10.5 ಸೆಂಟಿಮೀಟರ್, ಅಂಗೈಯಲ್ಲಿ ಮಲಗಿಸಬಹುದು. ಗಡ್ಡ ಬಿಟ್ಟ ಆ ಗಂಡಸಿನ ಕಣ್ಣು ಅರ್ಧ ಮುಚ್ಚಿದೆ. ಹಣೆಗೊಂದು ಪಟ್ಟಿ, ತೋಳಿಗೊಂದು ಪಟ್ಟಿ, ಎಡಹೆಗಲ ಮೇಲೆ ಮೂರು ಎಸಳಿನ ಚಿತ್ತಾರದ ಹೊದಿಕೆ. ಕಲ್ಲಿನಲ್ಲಿ ಇರುವುದು ಇಷ್ಟೇ. ಇವನು ಪುರೋಹಿತನೂ ಹೌದು ರಾಜನೂ ಹೌದು ಎಂಬ ಯೋಚನೆ ಬಂದದ್ದು ಮೆಸೊಪೊಟೇಮಿಯಾದಿಂದ. ದೇವಾಲಯದ ಅಧಿಕಾರವೂ ಅರಸೊತ್ತಿಗೆಯೂ ಒಂದರೊಳಗೊಂದು ಸೇರಿಕೊಂಡಿದ್ದ ನಗರಗಳು ಅಲ್ಲಿದ್ದವು. ಇಲ್ಲೂ ಹಾಗೇ ಇರಬೇಕು ಎಂದುಕೊಂಡರು. ಅಲ್ಲಿರುವಂಥ ದೊಡ್ಡ ದೇವಾಲಯ, ಅರಮನೆ, ರಾಜಸಮಾಧಿ ಯಾವುದೂ ಇಲ್ಲಿ ಖಚಿತವಾಗಿ ಸಿಕ್ಕಿಲ್ಲ ಎಂಬುದು ಹೆಸರಿಗೆ ಅಡ್ಡಿಯಾಗಲಿಲ್ಲ.

ಕಂಚಿನ ಹುಡುಗಿಯದೂ ಅದೇ ಪಾಡು. 1926ರಲ್ಲಿ ಸಿಕ್ಕಿದ ಆಕೆ ಸೊಂಟದ ಮೇಲೆ ಬಲಗೈ ಇಟ್ಟು, ತಲೆಯನ್ನು ತುಸು ಎತ್ತಿ ನಿಂತಿದ್ದಾಳೆ. ಎಡತೋಳಿನ ತುಂಬ ಬಳೆ, ಬಲತೋಳಿನಲ್ಲಿ ನಾಲ್ಕೇ. ಕುಣಿಯುತ್ತಿದ್ದಾಳೆ ಎನ್ನಲು ಅವಳ ನಿಲುವಿನಲ್ಲಿ ಏನೂ ಇಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಲ್ಲುವ ಹೆಣ್ಣನ್ನು ನಾವು ಬಾವಿಕಟ್ಟೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಜಗಳದಲ್ಲಿ ದಿನವೂ ನೋಡುತ್ತೇವೆ. ಆದರೆ 1920ರ ದಶಕದ ಬ್ರಿಟಿಷ್ ಅಧಿಕಾರಿಗೆ ಬೆತ್ತಲೆ ಮೈಯ, ಬಳೆ ತೊಟ್ಟ, ನಾಚದ ಭಾರತೀಯ ಹುಡುಗಿ ಎಂದರೆ ನಾಚ್‌ನವಳು. ಹೆಸರು ಅಂಟಿಕೊಂಡಿತು. ನೂರು ವರ್ಷದಿಂದ ನಾವು ಅವಳನ್ನು ಕುಣಿಸುತ್ತಲೇ ಇದ್ದೇವೆ. ಗಂಡಿನ ವಿಗ್ರಹ ಸಿಕ್ಕರೆ ಆಳುವವನು, ಹೆಣ್ಣಿನ ವಿಗ್ರಹ ಸಿಕ್ಕರೆ ರಂಜಿಸುವವಳು ಎಂಬ ಈ ಹಂಚಿಕೆ ಸಿಂಧೂ ಜನರದೋ ನಮ್ಮದೋ ಎಂದು ಉತ್ತರಪತ್ರಿಕೆ ಕೇಳುವುದಿಲ್ಲ.

ದೇಶ ವಿಭಜನೆಯಾದಾಗ ಈ ವಸ್ತುಗಳೂ ಪಾಲಾದವು. ಇಂದು ಆ ಹುಡುಗಿ ದೆಹಲಿಯಲ್ಲಿದ್ದಾಳೆ, ಆ ಗಂಡಸು ಕರಾಚಿಯಲ್ಲಿದ್ದಾನೆ. ಮೊಹೆಂಜೊದಾರೊದ ಒಂದು ಕಂಠಹಾರವನ್ನು ಬಿಚ್ಚಿ ಅದರ ಮಣಿಗಳನ್ನೇ ಎರಡು ದೇಶಗಳಿಗೆ ಹಂಚಲಾಯಿತು. ಒಡಹುಟ್ಟಿದವರು ಪಾತ್ರೆಪಡಗ ಹಂಚಿಕೊಂಡ ಹಾಗೆ. ಮೊದಲ ಎರಡು ದೊಡ್ಡ ನೆಲೆಗಳೂ ಪಾಕಿಸ್ತಾನದಲ್ಲಿ ಉಳಿದದ್ದರಿಂದ ಭಾರತದ ಪುರಾತತ್ವಜ್ಞರು ಈ ಬದಿಯಲ್ಲಿ ಹೊಸ ನೆಲೆಗಳಿಗಾಗಿ ಹುಡುಕಾಡಿದರು. ಆ ಹುಡುಕಾಟದಲ್ಲಿ ನಮ್ಮ ನಾಡಿನವರೊಬ್ಬರ ಹೆಸರು ದೊಡ್ಡದು.

ಶಿಕಾರಿಪುರ ರಂಗನಾಥ ರಾವ್ 1955ರಿಂದ ಗುಜರಾತಿನ ಲೋಥಲ್‌ನಲ್ಲಿ ಅಗೆತ ನಡೆಸಿದರು. ಅಲ್ಲಿ ಸುಟ್ಟ ಇಟ್ಟಿಗೆಯ ಗೋಡೆ ಕಟ್ಟಿದ, 200 ಮೀಟರಿಗೂ ಹೆಚ್ಚು ಉದ್ದದ ಆಯತಾಕಾರದ ದೊಡ್ಡ ಹೊಂಡ ಸಿಕ್ಕಿತು. ರಾವ್ ಅದನ್ನು ಹಡಗುಕಟ್ಟೆ ಎಂದರು. ಹಡಗು ಒಳಬರುವ ದಾರಿ, ಹೆಚ್ಚಿನ ನೀರು ಹೊರಹೋಗುವ ಕಂಡಿ, ಪಕ್ಕದಲ್ಲಿ ಸರಕು ಇಳಿಸುವ ಜಗಲಿ, ಲೋಥಲ್‌ನಲ್ಲೇ ಸಿಕ್ಕ ಪರ್ಶಿಯನ್ ಕೊಲ್ಲಿಯ ಬಗೆಯ ಮುದ್ರೆ ಇವು ಅವರ ಆಧಾರ. 1968ರಲ್ಲಿ ಲಾರೆನ್ಸ್ ಲೆಶ್ನಿಕ್ ಅದು ಕೆರೆ, ಕುಡಿಯಲಿಕ್ಕೂ ಬೇಸಾಯಕ್ಕೂ ನೀರು ನಿಲ್ಲಿಸಿದ ಕಟ್ಟೆ ಎಂದರು. ವಾದ ಇನ್ನೂ ಮುಗಿದಿಲ್ಲ. ಕೆರೆಕಟ್ಟೆಗಳ ನಾಡಿನಿಂದ ಹೋದವರಿಗೆ ಅದು ಹಡಗುಕಟ್ಟೆಯಾಗಿ ಕಂಡಿತು, ಹೊರದೇಶದವರಿಗೆ ಕೆರೆಯಾಗಿ ಕಂಡಿತು ಎಂಬುದು ನನಗೆ ಕುತೂಹಲದ ಸಂಗತಿ. ನೋಡುವವರ ಹಿನ್ನೆಲೆಯೇ ಹೆಸರನ್ನು ತೀರ್ಮಾನಿಸುತ್ತದೆ ಎಂಬ ಸುಲಭದ ಸೂತ್ರ ಇಲ್ಲಿ ಕೆಲಸ ಮಾಡುವುದಿಲ್ಲ. ರಾವ್ ಅವರ ಹೆಸರಿಗೆ ಇರುವ ಬಲವೆಂದರೆ ಅದನ್ನು ಪರೀಕ್ಷಿಸಬಹುದು. ಹೂಳಿನಲ್ಲಿ ಉಪ್ಪುನೀರಿನ ಗುರುತಿದೆಯೇ, ನದಿ ಎಲ್ಲಿ ಹರಿಯುತ್ತಿತ್ತು, ಭರತದ ನೀರು ಎಷ್ಟು ಏರುತ್ತಿತ್ತು ಎಂದು ಅಳೆಯಬಹುದು. ಹಡಗುಕಟ್ಟೆ ಎಂಬ ಹೆಸರು ಸೋಲಬಲ್ಲದು, ಆದ್ದರಿಂದಲೇ ಅದು ಒಳ್ಳೆಯ ಹೆಸರು. ಪುರೋಹಿತ ರಾಜ ಎಂಬ ಹೆಸರನ್ನು ಯಾವ ಅಗೆತ ಬಂದು ಸೋಲಿಸಬೇಕು?

ಪಶುಪತಿಗೂ ಇದೇ ತೊಡಕು. ಅಂಗೈಯ ಒಂದು ಮೂಲೆಗೂ ಸಾಲದ ಬಳಪದ ಕಲ್ಲಿನ ಮುದ್ರೆಯದು. ಪೀಠದ ಮೇಲೆ ಹಿಮ್ಮಡಿ ಜೋಡಿಸಿ ಕೂತ ಆಕೃತಿ, ತಲೆಯ ಮೇಲೆ ಅಗಲವಾದ ಕೊಂಬು. ಸುತ್ತ ಆನೆ, ಹುಲಿ, ಘೇಂಡಾಮೃಗ, ಕಾಡೆಮ್ಮೆ. ಪೀಠದ ಕೆಳಗೆ ಜಿಂಕೆಯಂಥ ಎರಡು ಪ್ರಾಣಿಗಳು. ಮೂರು ಮುಖ, ಯೋಗಾಸನ, ಪ್ರಾಣಿಗಳ ಒಡೆತನ, ತ್ರಿಶೂಲದಂತೆ ಕಾಣುವ ಕೊಂಬು ಎಂಬ ನಾಲ್ಕು ಕಾರಣ ಕೊಟ್ಟು ಮಾರ್ಷಲ್ ಇದನ್ನು ಶಿವನ ಮೂಲರೂಪ ಎಂದರು. ಡೋರಿಸ್ ಶ್ರೀನಿವಾಸನ್ ಅವರಿಗೆ ಅಲ್ಲಿ ಮೂರು ಮುಖ ಕಾಣಲಿಲ್ಲ, ದನದ ಮೋರೆ ಕಂಡಿತು. ಕೊಂಬು ಕೋಣದ್ದು ಎಂದು ಮಹಿಷನ ಕಡೆ ನೋಡಿದವರೂ ಇದ್ದಾರೆ. ಕನ್ನಡದ ಕಿವಿಗೇ ಕೇಳಿಸಬೇಕಾದ ಒಂದು ಅಪಸ್ವರವೂ ಇಲ್ಲಿದೆ. ಪಶು ಎಂದರೆ ಸಾಕಿದ ದನಕರು. ಪಶುವೈದ್ಯ, ಪಶುಸಂಗೋಪನೆ ಎನ್ನುವಾಗ ನಮ್ಮ ಮನಸ್ಸಿಗೆ ಬರುವುದು ಹಟ್ಟಿ. ವೇದದ ಪಶುಪತಿಯೂ ಮಂದೆಯನ್ನು ಕಾಯುವವನು. ಮುದ್ರೆಯಲ್ಲಿ ಇರುವುದು ಮೃಗಗಳು. ಶಿವಭಕ್ತರು ಆ ಮುದ್ರೆಗೆ ಕೈ ಮುಗಿದರೆ ನನ್ನ ಆಕ್ಷೇಪವಿಲ್ಲ, ಭಕ್ತಿಗೆ ಅದರದೇ ದಾರಿಯಿದೆ. ಆದರೆ ಚರಿತ್ರೆಯ ಪರೀಕ್ಷೆಯಲ್ಲಿ ಅದನ್ನು ತಿಳಿದ ಸಂಗತಿ ಎಂದು ಬರೆಸುವಾಗ ನಾವು ಆ ಜನರ ದೇವರನ್ನು ಕೇಳದೆ ಬದಲಿಸುತ್ತಿರಬಹುದು.

ಎಲ್ಲ ಹೆಸರುಗಳನ್ನೂ ತೀರ್ಮಾನಿಸಬಲ್ಲದ್ದು ಒಂದಿದೆ, ಅದು ಲಿಪಿ. ಅದೇ ಬಾಯಿ ಬಿಡುತ್ತಿಲ್ಲ. ಸಿಕ್ಕಿರುವ ಬರಹಗಳು ಸಾವಿರಾರು, ಚಿಹ್ನೆಗಳು ಸುಮಾರು 400. ಆದರೆ ಒಂದು ಬರಹದ ಸರಾಸರಿ ಉದ್ದ ಐದೇ ಚಿಹ್ನೆ. ಒಂದೇ ಬದಿಯಲ್ಲಿ ಕೆತ್ತಿದ ಅತಿ ಉದ್ದದ ಬರಹಕ್ಕೂ 17 ಚಿಹ್ನೆ ಮೀರಿಲ್ಲ. ನಮ್ಮ ಹಲ್ಮಿಡಿ ಶಾಸನ 16 ಸಾಲಿನದು. ಲಿಪಿ ಗೊತ್ತು, ಭಾಷೆ ಗೊತ್ತು, ಆದರೂ ಅದರ ಕಾಲ, ಅರ್ಥಗಳ ಬಗ್ಗೆ ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಭಾಷೆ ಯಾವುದೆಂದೇ ಗೊತ್ತಿಲ್ಲದ ಐದು ಚಿಹ್ನೆಗಳಿಂದ ಏನು ಹೊರಡಿಸಬಹುದು? ಈಜಿಪ್ಟಿನ ಲಿಪಿ ಬಿಡಿಸಲು ನೆರವಾದ ರೊಸೆಟ್ಟಾ ಕಲ್ಲಿನಂಥ ದ್ವಿಭಾಷಾ ಬರಹವೂ ಇಲ್ಲಿಲ್ಲ.

ಆದರೂ ಹೊರಡಿಸಿದವರು ಬಹಳ. ಫಾದರ್ ಹೆರಾಸ್, ಮುಂದೆ ಅಸ್ಕೊ ಪರ್ಪೋಲ, ಐರಾವತಂ ಮಹಾದೇವನ್ ಇದು ದ್ರಾವಿಡ ಭಾಷೆ ಇರಬೇಕೆಂದು ವಾದಿಸಿದರು. ಅವರ ಹೆಸರಾಂತ ಉದಾಹರಣೆ ಮೀನಿನ ಚಿಹ್ನೆ. ತಮಿಳಿನಲ್ಲಿ ಮೀನ್ ಎಂದರೆ ಮೀನೂ ಹೌದು, ನಕ್ಷತ್ರವೂ ಹೌದು. ಆದ್ದರಿಂದ ಮೀನು ಬರೆದು ನಕ್ಷತ್ರ ಎಂದು ಓದುತ್ತಿದ್ದರು ಎಂಬುದು ತರ್ಕ. ಮಿನುಗು, ಮಿಂಚು ಎನ್ನುವ ನಮಗೂ ಇದು ರೋಮಾಂಚನದ ಮಾತೇ. ಅತ್ತ ಲೋಥಲ್‌ನ ಎಸ್. ಆರ್. ರಾವ್ ಅದೇ ಚಿಹ್ನೆಗಳಲ್ಲಿ ಸಂಸ್ಕೃತಕ್ಕೆ ಹತ್ತಿರದ ಆರ್ಯ ಭಾಷೆಯನ್ನು ಓದಿದರು. ಹಡಗುಕಟ್ಟೆಯ ವಿಷಯದಲ್ಲಿ ಅಷ್ಟು ಎಚ್ಚರದಿಂದಿದ್ದವರ ಈ ಓದನ್ನು ಬಹುಪಾಲು ವಿದ್ವಾಂಸರು ಒಪ್ಪಲಿಲ್ಲ. 2004ರಲ್ಲಿ ಫಾರ್ಮರ್, ಸ್ಪ್ರೋಟ್, ವಿಟ್ಸೆಲ್ ಎಂಬ ಮೂವರು ಇದು ಭಾಷೆಯ ಲಿಪಿಯೇ ಅಲ್ಲ, ಬರಿಯ ಸಂಕೇತಗಳು ಎಂದರು. ಮಹಾದೇವನ್ ಅವರ ದೊಡ್ಡತನ ಇರುವುದು ಅವರ ಓದಿಗಿಂತ ಹೆಚ್ಚಾಗಿ 1977ರಲ್ಲಿ ಅವರು ಹೊರತಂದ ಬರಹಗಳ ಸೂಚಿಯಲ್ಲಿ. ತಮ್ಮ ವಾದವನ್ನು ಒಪ್ಪದವರೂ ಬಳಸಬಹುದಾದ ಹತ್ಯಾರನ್ನು ಅವರು ಮಾಡಿಕೊಟ್ಟರು.

ಇದಕ್ಕೆ ವಿರುದ್ಧದ ಉದಾಹರಣೆಯೂ ಇದೆ. 2000ದ ಸುಮಾರಿಗೆ ಲಿಪಿಯನ್ನು ಬಿಡಿಸಿದ್ದೇವೆಂದು ಸಾರಿದ ಪುಸ್ತಕವೊಂದರಲ್ಲಿ ಒಡೆದ ಮುದ್ರೆಯೊಂದರ ಚಿತ್ರವನ್ನು ಕುದುರೆ ಎಂದು ಅಚ್ಚು ಹಾಕಿದ್ದರು. ಕುದುರೆ ಸಿಕ್ಕರೆ ಇದು ವೇದಕಾಲದ ನಾಗರಿಕತೆ ಎನ್ನಲು ಅನುಕೂಲ. ಹಳೆಯ ಛಾಯಾಚಿತ್ರದೊಂದಿಗೆ ಹೋಲಿಸಿ ನೋಡಿದಾಗ ಅದು ಮುಂಭಾಗ ಒಡೆದುಹೋದ ಒಂಟಿಕೊಂಬಿನ ಪ್ರಾಣಿಯೆಂದು ಬಯಲಾಯಿತು. ಮುದ್ರೆ ಒಡೆದ ಕಡೆ ತಮಗೆ ಬೇಕಾದ ತಲೆಯನ್ನು ಅಂಟಿಸಿಕೊಂಡ ಈ ಘಟನೆ ಅತಿರೇಕದ್ದು ನಿಜ. ಆದರೆ ಸೌಮ್ಯವಾದ ರೂಪದಲ್ಲಿ ಅದೇ ಕೆಲಸವನ್ನು ಎಲ್ಲ ಕಡೆಯವರೂ ಮಾಡಿದ್ದಾರೆ. 2025ರ ಜನವರಿಯಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ ಲಿಪಿ ಬಿಡಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನ ಘೋಷಿಸಿದರು. ಬಹುಮಾನ ಒಳ್ಳೆಯದೇ. ಅದು ನಮ್ಮ ಭಾಷೆಯಲ್ಲ ಎಂದು ತೋರಿಸಿಕೊಟ್ಟವರಿಗೂ ಅಷ್ಟೇ ಸಂತೋಷದಿಂದ ಕೊಡುವ ಮನಸ್ಸು ನಮ್ಮ ಯಾವ ರಾಜ್ಯಕ್ಕಿದೆ ಎಂಬುದು ಪ್ರಶ್ನೆ.

ಹೀಗೆ ಹೆಸರುಗಳನ್ನು ಒಂದೊಂದಾಗಿ ಕಿತ್ತಿಟ್ಟರೆ ಉಳಿಯುವುದೇನು ಎಂದು ಕೇಳಬಹುದು. ಅರಮನೆ ಇಲ್ಲ, ರಾಜಸಮಾಧಿ ಇಲ್ಲ, ಯುದ್ಧದ ಚಿತ್ರಗಳಿಲ್ಲ. ಇದನ್ನು ನೋಡಿ ಈಚೆಗೆ ಹಲವರು ಸಿಂಧೂ ಸಮಾಜ ಸಮಾನತೆಯ, ಶಾಂತಿಯ ಸಮಾಜ ಎನ್ನತೊಡಗಿದ್ದಾರೆ. ನನಗೂ ಹಾಗೆ ನಂಬಲು ಆಸೆ. ಆದರೆ ಇದೂ ಒಂದು ಹೊಸ ಹೆಸರು, ಈ ಸಲ ನಮ್ಮ ಕಾಲದ ಆಸೆ ಇಟ್ಟದ್ದು. ಅದನ್ನು ಪರೀಕ್ಷಿಸಲು ಉತ್ತರಪತ್ರಿಕೆಯ ಅತ್ಯಂತ ನೆಚ್ಚಿನ ಪಾಯಿಂಟಿಗೇ ಹೋಗೋಣ. ಅದು ಚರಂಡಿ.

ಮನೆಯ ಬಚ್ಚಲಿನ ನೀರು ಇಳಿಜಾರಿನ ಕಾಲುವೆಯಿಂದ ಬೀದಿಯ ಚರಂಡಿಗೆ ಬೀಳುತ್ತಿತ್ತು. ಚರಂಡಿಯ ಮೇಲೆ ಇಟ್ಟಿಗೆ ಅಥವಾ ಕಲ್ಲಿನ ಮುಚ್ಚಳ. ಅಲ್ಲಲ್ಲಿ ಕೊಳೆ ತಳ ಕಾಣಲೆಂದು ಗುಂಡಿ. ಕೆಲವು ಮನೆಗಳ ನೀರು ನೇರ ಬೀದಿಬದಿಯ ಮಣ್ಣಿನ ಹರವಿಗೆ ಬೀಳುತ್ತಿತ್ತು. ನಾವು ಇದನ್ನು ಅಭಿಮಾನದಿಂದ ಬರೆಯುತ್ತೇವೆ. ಆದರೆ ಗುಂಡಿ ಎಂದರೆ ತುಂಬುವಂಥದ್ದು, ತುಂಬಿದ ಮೇಲೆ ಯಾರೋ ಮುಚ್ಚಳ ಎತ್ತಿ, ಇಳಿದು, ಬಾಚಿ, ಹೊತ್ತು ಒಯ್ಯಬೇಕು. ಏಳು ಶತಮಾನ ಆ ಕೆಲಸ ಯಾರೋ ಮಾಡಿದರು. ಮನೆಯವರೇ ಸರದಿಯಲ್ಲಿ ಮಾಡಿದರೋ, ಕೂಲಿ ಪಡೆದವರು ಮಾಡಿದರೋ, ಹುಟ್ಟಿನಿಂದಲೇ ಅದಕ್ಕೆ ಕಟ್ಟುಬಿದ್ದವರು ಮಾಡಿದರೋ ಎಂಬುದಕ್ಕೆ ಇಟ್ಟಿಗೆ ಉತ್ತರ ಕೊಡುವುದಿಲ್ಲ. ಪ್ರಶ್ನೆ ಕೇಳುವ ಅವಕಾಶವನ್ನಂತೂ ಕೊಡುತ್ತದೆ. ಮಲಹೊರುವ ಪದ್ಧತಿಯನ್ನು 1993ರಲ್ಲಿ ಒಮ್ಮೆ, 2013ರಲ್ಲಿ ಮತ್ತೊಮ್ಮೆ ಕಾನೂನು ಮಾಡಿ ನಿಷೇಧಿಸಿದ ದೇಶ ನಮ್ಮದು. ಆದರೂ ಮ್ಯಾನ್‌ಹೋಲಿಗೆ ಇಳಿದು ಉಸಿರುಗಟ್ಟಿ ಸತ್ತವರ ಸುದ್ದಿ ನಿಂತಿಲ್ಲ. ಅಂಥ ದೇಶದಲ್ಲಿ ಲಕ್ಷಾಂತರ ಮಕ್ಕಳು 4,500 ವರ್ಷದ ಹಿಂದಿನ ಚರಂಡಿಯನ್ನು ಹೊಗಳಿ ಬರೆಯುತ್ತಾರೆ, ಅದನ್ನು ತೊಳೆದ ಕೈಯ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಈ ಉತ್ತರದ ದೊಡ್ಡ ಕೊರತೆ ನನ್ನ ಮಟ್ಟಿಗೆ ಇದು. ಕಣಜವೋ ಸಭಾಂಗಣವೋ ಎಂಬುದು ಅದರ ನಂತರದ ಮಾತು.

ಕೊನೆಯ ಪಾಯಿಂಟು ಅವನತಿ. ಕ್ರಿ.ಪೂ. 1900ರ ನಂತರ ದೊಡ್ಡ ನಗರಗಳು ಬರಿದಾದವು, ತೂಕ, ಮುದ್ರೆ, ಬರಹ ಮರೆಯಾದವು. ಮಳೆ ಕ್ಷೀಣಿಸಿದ್ದು, ಘಗ್ಗರ್-ಹಾಕ್ರಾ ಬಯಲಿನ ಹರಿವು ಬತ್ತಿದ್ದು, ದೂರದ ವ್ಯಾಪಾರ ಕುಗ್ಗಿದ್ದು ಹೀಗೆ ಹಲವು ಕಾರಣಗಳನ್ನು ಈಗ ಒಟ್ಟಿಗೆ ನೋಡುತ್ತಾರೆ. ಆದರೆ ಜನ ಎಲ್ಲೂ ಮಾಯವಾಗಲಿಲ್ಲ. ಪೂರ್ವಕ್ಕೆ, ಗುಜರಾತಿನ ಕಡೆಗೆ ಸಣ್ಣ ಊರುಗಳು ಹೆಚ್ಚಾದವು. ನಗರ ಬಿಟ್ಟು ಹಳ್ಳಿಗೆ ಹೋಗಿ ಬಿತ್ತಿ ಬೆಳೆದು ಬದುಕಿದವರ ಬಾಳನ್ನು ಅವನತಿ ಎನ್ನುವುದು ನಗರದವರ ಭಾಷೆ. ಅದನ್ನು ಮುಂದುವರಿಕೆ ಎಂದೂ ಬರೆಯಬಹುದಿತ್ತು.

ಪರೀಕ್ಷೆಯ ಪ್ರಶ್ನೆಯನ್ನೇ ತೆಗೆದುಹಾಕಿ ಎಂದು ನಾನು ಹೇಳುತ್ತಿಲ್ಲ. ಉತ್ತರದಲ್ಲಿ ಒಂದು ಗೆರೆ ಬೇಕು. ಗೆರೆಯ ಈಚೆ ಸಿಕ್ಕದ್ದು, ಆಚೆ ನಾವು ಅಂದುಕೊಂಡದ್ದು. ಅಂದುಕೊಂಡದ್ದರ ಮುಂದೆ ಯಾರು, ಯಾವಾಗ, ಏಕೆ ಅಂದುಕೊಂಡರು ಎಂಬ ಒಂದು ವಾಕ್ಯ. ಹೈಸ್ಕೂಲಿನ ಮಕ್ಕಳಿಗೆ ಇದು ಕಷ್ಟವಲ್ಲ. ಮನೆಯಲ್ಲಿ ಕೇಳಿದ ಸುದ್ದಿಗೂ ಕಣ್ಣಾರೆ ಕಂಡದ್ದಕ್ಕೂ ವ್ಯತ್ಯಾಸ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಉರುಳೆಯಾಕಾರದ ಒಂದು ಮೆಸೊಪೊಟೇಮಿಯಾದ ಮುದ್ರೆಯಿದೆ. ಆ ಲಿಪಿಯನ್ನು ಓದಬಲ್ಲವರಿದ್ದಾರೆ. ಶು-ಇಲಿಶು, ಮೆಲುಹ್ಹ ಭಾಷೆಯ ದುಭಾಷಿ ಎಂದು ಅದರಲ್ಲಿದೆ. ಅಕ್ಕಾದಿನ ದೊರೆ ಸಾರ್ಗಾನ್ ತನ್ನ ಬಂದರಿಗೆ ಮೆಲುಹ್ಹದ ಹಡಗುಗಳು ಬರುತ್ತಿದ್ದವೆಂದು ಜಂಬದಿಂದ ಬರೆಸಿದ್ದಾನೆ. ಮೆಲುಹ್ಹ ಎಂದರೆ ಸಿಂಧೂ ನಾಡೇ ಎಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಹಾಗಾದರೆ ಮೊಹೆಂಜೊದಾರೊದ ಮಾತನ್ನು ಕೇಳಿ, ಅರ್ಥ ಮಾಡಿಕೊಂಡು, ಇನ್ನೊಂದು ಭಾಷೆಯಲ್ಲಿ ಹೇಳಬಲ್ಲ ಒಬ್ಬ ಮನುಷ್ಯನಿದ್ದ. ಅವನ ಹೆಸರು ನಮಗೆ ಗೊತ್ತಿದೆ. ಅವನು ಯಾರ ಮಾತನ್ನು ತಿಳಿಸಿ ಹೇಳುತ್ತಿದ್ದನೋ ಅವರಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ. ನಾವು ಇಷ್ಟೆಲ್ಲ ಹೆಸರಿಟ್ಟ ಆ ಊರಿನ ಜನ ತಮ್ಮ ಊರನ್ನು ಏನೆಂದು ಕರೆಯುತ್ತಿದ್ದರು ಎಂದು ಅವನನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದ.